ಹೆಚ್ಚಿದ ಬಳೆ

ಕನ್ನಮ್ಮನ ಮನೆಯಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಬಾಗಿಲಿಗೆ ತಾಗಿ ಚೂರಾದರೂ ಹೆಚ್ಚಿತು, ಒಗೆಯುವ ಕಲ್ಲಿಗೆ ಬಡಿದು ಎರಡಾದರೂ ಹೆಚ್ಚಿತು. ಮುತ್ತೈದೆಯ ಕೈಯ ವಿಷಯದಲ್ಲಿ ಬೇರೆ ಮಾತು ನಾಲಿಗೆಗೆ ಬರಬಾರದು ಎಂದು ಕನ್ನಮ್ಮನಿಗೆ ಅವಳ ಅತ್ತೆ ಕಲಿಸಿದ್ದಳು. ಕನ್ನಮ್ಮ ತನ್ನ ಸೊಸೆ ತನುಜಾಳಿಗೆ ಕಲಿಸಿದಳು. ಮದುವೆಯಾಗಿ ಬಂದ ಹೊಸತರಲ್ಲಿ ತನುಜಾ ಒಮ್ಮೆ ಬಾಯಿ ತಪ್ಪಿ ‘ಒಡೀತು’ ಎಂದುಬಿಟ್ಟು, ದೇವರ ಮುಂದೆ ದೀಪ ಹಚ್ಚಿ ಕೆನ್ನೆ ಬಡಿದುಕೊಳ್ಳಬೇಕಾಗಿ ಬಂದಿತ್ತು. ಗಂಡ ದುರ್ಗೇಶ್ ಬಾಗಿಲ ಮರೆಯಲ್ಲಿ ನಿಂತು ನಕ್ಕಿದ್ದ.

ಆ ದುರ್ಗೇಶ್ ಲಿಂಗನಮಕ್ಕಿ ಹಿನ್ನೀರಿಗೆ ಮೀನಿಗೆಂದು ಹೋದವನು ಮರಳಲಿಲ್ಲ. ತೆಪ್ಪ ಮಗುಚಿಕೊಂಡು ಸಿಕ್ಕಿತು, ಬಲೆ ಸಿಕ್ಕಿತು, ಚಪ್ಪಲಿ ದಡದಲ್ಲೇ ಇತ್ತು, ಅವನು ಸಿಗಲಿಲ್ಲ. ನೀರಿನಡಿಯಲ್ಲಿ ಎಂದೋ ಮುಳುಗಿದ ಮರಗಳ ಬೊಡ್ಡೆಗಳಿವೆ, ಅಲ್ಲಿ ಸಿಕ್ಕಿಕೊಂಡರೆ ಮೇಲೆ ಬರುವುದು ಕಷ್ಟ ಎಂದು ಹುಡುಕಲು ಬಂದವರು ಕೈಚೆಲ್ಲಿದರು. ಅಂದು ದಡದಲ್ಲಿ ಕೂತೇ ಕನ್ನಮ್ಮ ಸಿಗಂದೂರಿನ ಅಮ್ಮನಿಗೆ ಹರಕೆ ಹೊತ್ತಳು: ಮಗ ಬರುವವರೆಗೂ ಸೊಸೆಯ ಕೈ ಬರಿದಾಗಗೊಡುವುದಿಲ್ಲ.

ಹರಕೆ ಅತ್ತೆಯದು, ಕೈ ಸೊಸೆಯದು.

ಮೂರು ಮಳೆಗಾಲ ಕಳೆದವು. ತನುಜಾಳ ಕೈತುಂಬ ಹಸಿರು ಗಾಜು. ಅದೂ ಸಡಿಲವಾಗಿ ಅಲ್ಲ. ಜಾರಿ ಹೋಗದಿರಲೆಂದು ಕನ್ನಮ್ಮ ಒಂದಳತೆ ಚಿಕ್ಕದನ್ನೇ ಹೇಳಿ ಹಾಕಿಸುತ್ತಿದ್ದಳು. ಬಳೆಗಳು ಮಣಿಕಟ್ಟಿನಲ್ಲಿ ಕೂತವು ಅತ್ತ ಸರಿಯವು, ಇತ್ತ ಸರಿಯವು. ಮದುವೆಮನೆಗಳಲ್ಲಿ ಅರಿಶಿನ ಕುಂಕುಮದ ತಟ್ಟೆ ಅವಳ ಮುಂದೆ ಬಂದಾಗ ಒಂದು ಗಳಿಗೆ ನಿಲ್ಲುತ್ತಿತ್ತು. ಹಿಡಿದವರು ಮೊದಲು ಅವಳ ಮುಖ ನೋಡುತ್ತಿದ್ದರು, ಆಮೇಲೆ ಬಳೆ ನೋಡುತ್ತಿದ್ದರು, ಕೊನೆಗೆ ಯಾರ ಮುಖವನ್ನೂ ನೋಡದೆ ಕುಂಕುಮ ಇಟ್ಟು ಮುಂದೆ ಹೋಗುತ್ತಿದ್ದರು. ಅವಳಿಗೆ ಅಳಲೂ ಹಕ್ಕಿಲ್ಲ, ಮರೆಯಲೂ ಹಕ್ಕಿಲ್ಲ.

ಹೀಗಿರುವಾಗ ಸಾಗರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಹಸುಗೂಸುಗಳನ್ನು ಒರೆಸಿ, ಸುತ್ತಿ, ತಾಯಿಯ ಮಗ್ಗುಲಿಗೆ ಮಲಗಿಸುವ ಕೆಲಸ. ನೋಡಲು ಹೋದ ದಿನ ಒಂದು ಕೂಸು ಅವಳ ಬೆರಳನ್ನು ಹಿಡಿದುಕೊಂಡು ಬಿಟ್ಟಿರಲೇ ಇಲ್ಲ. ಬಸ್ಸಿನಲ್ಲಿ ಬರುವಾಗಲೂ ಆ ಹಿಡಿತ ಬೆರಳಲ್ಲೇ ಇತ್ತು. ಆದರೆ ಅಲ್ಲಿನ ಶ್ಯಾಮಲಾ ಸಿಸ್ಟರ್ ಮೊದಲು ನೋಡಿದ್ದೇ ಅವಳ ಮಣಿಕಟ್ಟನ್ನು.

“ಗಾಜು ಹಾಕ್ಕಂಡು ಒಳಗೆ ಬರಂಗಿಲ್ಲಮ್ಮ. ಮಕ್ಳ ಮೈ ಗೀರತ್ತೆ. ಸೋಮವಾರ ಬರಿಗೈಲಿ ಬಾ. ಇಲ್ಲಾಂದ್ರೆ ಬೇರೆಯೋರು ಕಾಯ್ತಿದಾರೆ.”

ಬರಿಗೈ! ಆ ಮಾತನ್ನು ಮನೆಗೆ ಹೇಗೆ ಒಯ್ಯುವುದು? ಒಯ್ದಳು. ಕನ್ನಮ್ಮ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ.

“ಹಂಗಾರೆ ಆ ಕೆಲ್ಸ ನಿಂಗಲ್ಲ ಬಿಡು.”

ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಮುಂದೆ ತನುಜಾ ಬಹಳ ಹೊತ್ತು ನಿಂತಳು. ಕಣ್ಣು ಮುಚ್ಚಿ ಬಲಗೈಯನ್ನು ಕಲ್ಲಿಗೆ ಬೀಸಿದಳು. ಹಸಿರು ಚೂರು ಸೋಪಿನ ನೀರಲ್ಲಿ ಹರಿದವು. ಎಡಗೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ದುರ್ಗೇಶ್ ಎಲ್ಲಾದರೂ ಉಸಿರು ಹಿಡಿದು ಕೂತಿದ್ದರೆ, ಆ ಉಸಿರು ಈ ಬಳೆಯ ಮೇಲೇ ನಿಂತಿದ್ದರೆ ಎಂಬ ಒಂದು ಯೋಚನೆ ಹಾವಿನಂತೆ ಹರಿದುಹೋಯಿತು. ಕೈ ಇಳಿಸಿದಳು.

ಶಬ್ದ ಕೇಳಿ ಕನ್ನಮ್ಮ ಹೊರಗೆ ಬಂದಳು.

“ಎಂತಾತೆ?”

“ಹೆಚ್ಚಿತು ಅತ್ತೆ.”

“ತಾನಾಗಿ ಹೆಚ್ಚಿತಾ, ನೀ ಹೆಚ್ಚಿಸಿದ್ಯಾ?”

ತನುಜಾ ಬಗ್ಗಿ ಚೂರು ಆರಿಸತೊಡಗಿದಳು. ಕನ್ನಮ್ಮ ಬೈಯಲಿಲ್ಲ. ಒಳಗಿನಿಂದ ಅರಿಶಿನ ಹಚ್ಚಿದ ದಾರ ತಂದು, ಬರಿದಾದ ಬಲಗೈಗೆ ಗಂಟು ಹಾಕಿ, ಬಳೆಗಾರ ವಾಸಪ್ಪನಿಗೆ ಫೋನು ಮಾಡಿದಳು. ದೀಪ ಹಚ್ಚುವುದರೊಳಗೆ ಬಾ ಎಂದಳು.

ವಾಸಪ್ಪ ಆನಂದಪುರದಿಂದ ಸ್ಕೂಟರಿನಲ್ಲಿ ಬಂದ. ಬಳೆಗಳನ್ನು ಪೋಣಿಸಿದ ಮಲಾರ ಹಿಂದೆಲ್ಲ ಅವನ ಹೆಗಲಲ್ಲಿರುತ್ತಿತ್ತು, ಈಗ ಹಿಂದಿನ ಸೀಟಿನಲ್ಲಿ ಹಗ್ಗ ಬಿಗಿಸಿಕೊಂಡು ಕೂತಿರುತ್ತದೆ.

“ಏನ್ ಕನ್ನಕ್ಕ, ಭಾನುವಾರ ಕೋಳಿ ಬೇಯ್ಸಿ ಕರೀತೀಯ ಅಂತ ಮಾಡಿದ್ದೆ.”

“ಕೋಳಿ ಆಮೇಲೆ. ಮೊದ್ಲು ಈ ಹೆಣ್ಣಿನ ಕೈ ತುಂಬ್ಸು. ಅದೇ ಅಳತೆ.”

ವಾಸಪ್ಪ ಜಗಲಿಯಲ್ಲಿ ಕೂತು ತನುಜಾಳ ಕೈಗೆ ಎಣ್ಣೆ ಸವರಿದ. ಹೆಬ್ಬೆರಳಿನ ಬುಡ ಒತ್ತಿ, ಬೆರಳುಗಳನ್ನು ಕೂಡಿಸಿ, ಕೈಯನ್ನು ಹೂವಿನ ಮೊಗ್ಗಿನಂತೆ ಮಾಡುವುದು ಅವನ ವಿದ್ಯೆ. ಒತ್ತುವಾಗ ನೋವು ಮರೆಯಲೆಂದು ಮಾತಾಡುತ್ತಾನೆ. ಪ್ರಾಯದಲ್ಲಿ ಉತ್ತರದೇಶಕ್ಕೆ ಹೋಗಿ ಬಳೆಯ ಕುಲುಮೆ ನೋಡಿ ಬಂದವನು. ಆ ಕಥೆ ತನುಜಾಳಿಗೆ ಬಾಯಿಪಾಠವಾಗಿತ್ತು.

“ಕಾದ ಗಾಜು ಬೆಲ್ಲದ ಪಾಕದಂಗೆ ನೂಲು ಎಳೀತದೆ ಮಗ. ಅದನ್ನ ತಿರುಗೋ ಸರಳಿಗೆ ಸುತ್ತಿ ಸುರುಳಿ ಮಾಡಿ ಕೊಯ್ತಾರೆ. ಆವಾಗ ಬಳೆಗೆ ಬಾಯಿ ಇರ್ತದೆ, ಎರಡು ತುದಿ ಬಿಟ್ಕಂಡು. ಹೆಂಗಸರು ಮನೇಲಿ ದೀಪದ ಉರಿಗೆ ಹಿಡಿದು, ಒಂದೊಂದಕ್ಕೇ ಬಾಯಿ ಮುಚ್ಚಿಸ್ತಾರೆ. ಬಾಯಿ ಮುಚ್ಚಿದ ಮೇಲೇ ಅದು ಬಳೆ.”

ತನುಜಾ ಆ ಮಾತನ್ನು ಎಷ್ಟೋ ಸಲ ಕೇಳಿದ್ದಳು. ಇಂದು ಮಾತ್ರ ತಲೆ ಎತ್ತಿ ಅತ್ತೆಯ ಮುಖ ನೋಡಿದಳು.

ವಾಸಪ್ಪ ಒತ್ತುವುದನ್ನು ನಿಲ್ಲಿಸಿದ. “ಕನ್ನಕ್ಕ, ಎರಡೂ ನಾಲ್ಕರ ಅಳತೆ ಹೋಗಲ್ಲ. ಗೇದು ಗೇದು ಕೈ ಬಲಿತದೆ. ಎರಡೂ ಆರು ಹಾಕ್ತೀನಿ.”

“ಎರಡೂ ಆರು ಸಡ್ಲ ಆತದೆ. ಈ ಕಡೆ ಹಾಕಿದ್ರೆ ಆ ಕಡೆ ಬೀಳ್ತದೆ.”

“ಹೋಗಲ್ಲ ಅಂದ್ನಲ.”

“ನಿಂಗೆ ವಯಸ್ಸಾತು ಬಿಡು ವಾಸಪ್ಪ. ಕೊಡಿಲ್ಲಿ.”

ಕನ್ನಮ್ಮ ಸೊಸೆಯ ಎದುರು ಕುಕ್ಕರಗಾಲಲ್ಲಿ ಕೂತಳು. ಬಳೆ ತೆಗೆದುಕೊಂಡಳು. ತನುಜಾಳ ಬೆರಳುಗಳನ್ನು ತನ್ನ ಮುಷ್ಟಿಯಲ್ಲಿ ಹಿಂಡಿ, ಹಲ್ಲು ಕಚ್ಚಿ, ತುಟಿಯಲ್ಲಿ ಸಿಗಂದೂರಿನ ಅಮ್ಮನ ಹೆಸರು ಹೇಳುತ್ತ ನೂಕಿದಳು. ಬಳೆ ಗೆಣ್ಣಿನ ಮೇಲೆ ಹತ್ತಿತು, ನಿಂತಿತು. ಇನ್ನೂ ನೂಕಿದಳು.

ಚಟ್ಟೆಂದಿತು. ಗಾಜು ತನುಜಾಳ ಕೈಗೂ ಹೊಕ್ಕಿತು, ಕನ್ನಮ್ಮನ ಅಂಗೈಗೂ ಹೊಕ್ಕಿತು.

“ಅಯ್ಯೋ, ಒಡದೇ ಹೋತಲ್ಲೇ!”

ಆಡಿದ ಮೇಲೆ ಕನ್ನಮ್ಮನಿಗೆ ತಾನೇನು ಆಡಿದೆ ಎಂದು ಕೇಳಿಸಿತು. ಅವಳು ಕೆನ್ನೆ ಬಡಿದುಕೊಳ್ಳಲು ಕೈ ಎತ್ತಿದಳು. ಅಂಗೈಯಲ್ಲಿ ರಕ್ತವಿತ್ತು. ಕೈ ಮಡಿಲಿಗೆ ಬಿತ್ತು. ಮೂರು ಮಳೆಗಾಲ ತಡೆದಿಟ್ಟಿದ್ದ ಅಳು ಆಗ ಬಂತು. ಶಬ್ದವಿಲ್ಲದೆ, ಮೈ ಅಲುಗಿಸಿ ಅಲುಗಿಸಿ ಬಂತು. ತನುಜಾ ತನ್ನ ಸೆರಗು ಹರಿದು ಅತ್ತೆಯ ಕೈಗೆ ಮೊದಲು ಕಟ್ಟಿದಳು. ವಾಸಪ್ಪ ತಲೆ ತಗ್ಗಿಸಿ ಚೂರು ಆರಿಸುತ್ತಿದ್ದ.

ಕನ್ನಮ್ಮ ಕಣ್ಣೊರೆಸಿಕೊಂಡು, “ಎರಡೂ ಆರು ತೆಗಿ. ಎಡಗೈದೂ ಬಿಚ್ಚು” ಎಂದಳು.

ವಾಸಪ್ಪ ಎಡಗೈಗೆ ಎಣ್ಣೆ ಹಾಕಿ, ಅದೆಲ್ಲೋ ಒಂದು ಕಡೆ ಒತ್ತಿ, ಬಿಗಿಯಾಗಿದ್ದ ಬಳೆಗಳನ್ನು ಒಂದೂ ಚೂರಾಗದಂತೆ ಜಾರಿಸಿದ. ಕೆಂಪು ಗೆರೆ ಬಿದ್ದ ಮಣಿಕಟ್ಟನ್ನು ತನುಜಾ ಬೇರೆ ಯಾರದೋ ಎಂಬಂತೆ ನೋಡಿದಳು.

“ಹಂಗಾರೆ ತೆಗೆಯಕ್ಕೂ ಬರ್ತಿತ್ತಾ ವಾಸಪ್ಪಣ್ಣ, ನಿಮ್ಗೆ?”

“ಬರ್ತಿತ್ತು ಮಗ. ಮನೆ ಹಿರೇರ ಮಾತಿಲ್ದೆ ನಾವು ತೆಗೆಯಂಗಿಲ್ಲ.”

ದೊಡ್ಡ ಅಳತೆಯ ಬಳೆ ತೊಡಿಸಿ, ರೂಢಿಯಂತೆ ಮೇಲೊಂದು ಸೇರಿಸಿ ಹಾಕಿ, ಅವನು ಎದ್ದ. ತನುಜಾ ಅವನಿಗೆ ನಮಸ್ಕಾರ ಮಾಡಿದಳು.

“ಬೆಳಿಗ್ಗೆ ತೆಗೆದು ದೇವರ ಮುಂದೆ ಇಟ್ಟು ಹೋಗು,” ಎಂದಳು ಕನ್ನಮ್ಮ, ಗೋಡೆಯ ಕಡೆ ನೋಡುತ್ತ. “ಸಂಜೆ ಬಂದು ಹಾಕ್ಕ. ಅಮ್ಮಂಗೆ ನಾ ಹೇಳ್ಕತೀನಿ.”

ಸೋಮವಾರ ಅವಳು ಬರಿಗೈಯಲ್ಲಿ ಹೋದಳು. ದಿನವಿಡೀ ಕೂಸುಗಳನ್ನು ಎತ್ತಿದಳು, ಸುತ್ತಿದಳು. ಅವಳ ಕೈ ಸದ್ದು ಮಾಡಲಿಲ್ಲ. ಅಷ್ಟು ಮೌನವಾದ ಕೈ ತನ್ನದೇ ಎಂದು ನಂಬಲು ಆಗಾಗ ಅದನ್ನು ತಿರುಗಿಸಿ ನೋಡಿಕೊಂಡಳು.

ಸಂಜೆ ಬಸ್ಸು ಇಳಿದರೆ ಎದುರಿಗೇ ಕನ್ನಮ್ಮ. ಮನೆಯವರೆಗೆ ಕಾಯಲಾಗದೆ, ಬಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ರಸ್ತೆಗೇ ಬಂದಿದ್ದಳು. ತನುಜಾ ಕೈ ಚಾಚಿದಳು. ಎಣ್ಣೆ ಬೇಕಾಗಲಿಲ್ಲ, ಒತ್ತಬೇಕಾಗಲಿಲ್ಲ. ಬಳೆ ತಾನಾಗಿ ಒಳಗೆ ಹೋಗಿ ಸಡಿಲವಾಗಿ ತೂಗಿತು.

“ಕೈ ಕೆಳಗೆ ಬಿಡಬ್ಯಾಡ. ಬಿದ್ದಾವು,” ಎಂದಳು ಕನ್ನಮ್ಮ.

ತನುಜಾ ಮುಷ್ಟಿ ಹಿಡಿದು, ಕೈಯನ್ನು ಎದೆಗೆ ಎತ್ತಿಕೊಂಡೇ ನಡೆದಳು. ಮನೆಯ ದಾರಿ ಅರ್ಧ ಸವೆದ ಮೇಲೆ ಕೇಳಿದಳು:

“ಬಿದ್ರೆ ಏನನ್ನಣ ಅತ್ತೆ? ಹೆಚ್ಚಿತು ಅನ್ನಣಾ?”

ಕನ್ನಮ್ಮ ಬಟ್ಟೆ ಸುತ್ತಿದ ತನ್ನ ಅಂಗೈಯನ್ನು ನೋಡಿಕೊಂಡಳು.

“ಬಿದ್ದಾಗ ನೋಡಣ. ನಡಿ.”