ಕೆಳಗಿನ ಕಾವಲು

ಹಾರೆ ನೆಲಕ್ಕೆ ಬಿದ್ದು ಟಣ್ಣೆಂದು ಪುಟಿಯಿತು. ಗುಂಡಿ ತೋಡುತ್ತಿದ್ದ, ಕುರಿಗಳ ಉಣ್ಣೆ ಕತ್ತರಿಸುವವನು ಕೈ ಒದರಿಕೊಂಡ.

"ಥತ್, ಇದೇನು ಮಣ್ಣೋ ಸಿಮೆಂಟೋ!"

ಬೆಳಿಗ್ಗೆಯಿಂದ ತೋಡಿದರೂ ಗುಂಡಿ ಮೊಣಕಾಲುದ್ದ ಆಗಿರಲಿಲ್ಲ.

"ಅದಕ್ಕೇ ಬಡ್ಕೊಂಡೆ," ಎಂದ ಚಿಕ್ಕಪ್ಪ, ಕರಿ ಕೋಟಿನ ಧೂಳು ಕೊಡವುತ್ತ. "ಮನೆ ಹಿಂದೆ ನೆಲ ಮೆತ್ತಗಿದೆ, ಅಲ್ಲೇ ಅಣ್ಣನ್ನ ಮಣ್ಣು ಮಾಡೋಣ. ಇಲ್ಲಿ ಅಳತೆ ಗೂಟ ಇದೆ. ಅದರ ಪಕ್ಕ ಅಗೆದ್ರೆ ಕಾರ್ಬನ್ ಕಂಪನಿಯೋರು ಸುಮ್ನೆ ಬಿಡ್ತಾರಾ?"

"ಅಪ್ಪ ಇಲ್ಲೇ ಅಂದಿದ್ದ," ಎಂದಳು ಮಗಳು. "ಇಲ್ಲೇ ಆಗ್ಬೇಕು."

ಅಮ್ಮ ಬೇಲಿಯ ಪಕ್ಕ, ಅಪ್ಪನ ಶವದ ಬಳಿ, ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದ ಜಮೀನಿನಾಕೆ ಅವಳ ಕೈ ಹಿಡಿದುಕೊಂಡಿದ್ದಳು.

"ಗೇಟು ಹಾಕ್ಲಿಲ್ಲ ಅಂತ ಎಷ್ಟು ಸಲ ಬೈಸ್ಕೊಂಡಿದೀನೋ ನಿಮ್ಮ ಗೇಟಪ್ಪನ ಕೈಲಿ," ಎಂದಳು ಆಕೆ.

"ನಮ್ಮ ಮಗಳ ಮದುವೆ ದಿನ ಬೀಗರು ಬಂದಿಳಿದ್ರೆ, ಬನ್ನಿ ಅನ್ಲಿಲ್ಲ ಪುಣ್ಯಾತ್ಮ. ಗೇಟು ಹಾಕ್ಕೊಂಡು ಬಂದ್ರಾ ಅಂದ," ಎಂದು ಅಮ್ಮ ನಕ್ಕಳು, ಹಾಗೇ ಅತ್ತಳು.

ಅಪ್ಪನಿಗಿದ್ದದ್ದು ನಾಲ್ಕು ಕಾವಲು, ಬೇಲಿ ಹಾಕಿದ ಹುಲ್ಲು ಬಯಲು. ಒಂದರಲ್ಲಿ ಕುರಿ ಮೇಯುವಾಗ ಉಳಿದ ಮೂರರ ಗೇಟಿಗೆ ಸರಪಳಿ. ಹುಲ್ಲು ಬೀಜ ಉದುರಿಸುವ ತನಕ ಸರಪಳಿ ಬಿಚ್ಚುವಂತಿಲ್ಲ. ಮಳೆ ಕಡಿಮೆಯ ಈ ಸೀಮೆಯಲ್ಲಿ ನಲವತ್ತು ವರ್ಷ ಅವನು ಅದೊಂದನ್ನೇ ಹಟ ಹಿಡಿದು ಮಾಡಿದ್ದ. ಗೇಟಪ್ಪ ಎಂಬ ಹೆಸರು ಅದರಿಂದ ಬಂದದ್ದು.

ಚಿಕ್ಕಪ್ಪ ನೆರೆದವರ ಕಡೆ ತಿರುಗಿದ. "ಅಣ್ಣ ಮಣ್ಣಿಗೋಸ್ಕರ ಬದುಕಿದ. ಈ ಕಡೆ ಕಾರ್ಬನ್ ಯೋಜನೆಗೆ ಎಲ್ಲರಿಗಿಂತ ಮೊದಲು ಸೇರಿದ್ದೂ ಅವನೇ."

ಮಗಳ ಮೈಯೆಲ್ಲ ಉರಿದುಹೋಯಿತು. ಎಂಥ ನಾಲಗೆ ಇದು!

*

ಆರು ವರ್ಷದ ಹಿಂದೆ, ಇದೇ ಕೆಳಗಿನ ಕಾವಲಿನ ಗೇಟಿನ ಬಳಿ ಅಣ್ಣತಮ್ಮಂದಿರು ನಿಂತಿದ್ದರು. ಚಿಕ್ಕಪ್ಪ ಆಗತಾನೇ ಕಂಪನಿಯ ಏಜೆಂಟಾಗಿದ್ದ. ಯೋಜನೆ ಸರಳವಾಗಿತ್ತು: ಹುಲ್ಲು ಬೆಳೆದರೆ ಗಾಳಿಯಲ್ಲಿನ ಇಂಗಾಲ ಬೇರಿನ ಮೂಲಕ ಮಣ್ಣಿಗಿಳಿಯುತ್ತದೆ. ಮೊದಲೊಮ್ಮೆ ಮಣ್ಣಿನಲ್ಲಿರುವ ಇಂಗಾಲ ಅಳೆಯುತ್ತಾರೆ, ಐದು ವರ್ಷ ಬಿಟ್ಟು ಇನ್ನೊಮ್ಮೆ. ಎಷ್ಟು ಏರಿದೆಯೋ ಅಷ್ಟಕ್ಕೆ ಕಂಪನಿ ದುಡ್ಡು ಕೊಡುತ್ತದೆ.

"ಅಣ್ಣಾ, ನಿನ್ನ ಹುಲ್ಲು ಈಗ್ಲೇ ಸೊಂಟದುದ್ದ ಇದೆ. ಹೊಟ್ಟೆ ತುಂಬಿದೋನಿಗೆ ಇನ್ನೆಷ್ಟು ಬಡಿಸ್ತೀಯಾ? ಅಳೆಯೋರು ಬರೋಕ್ಮುಂಚೆ ಕುರಿ ಬಿಟ್ಟು ಬೋಳು ಮಾಡಿಸು. ಮೊದಲ ಅಳತೆ ಕಮ್ಮಿ ಬರ್ಲಿ, ಆಮೇಲೆ ತಾನಾಗೇ ಏರುತ್ತೆ."

"ನೆಲದ ಜತೆ ಹಾಗೆಲ್ಲ ಆಟ ಆಡಬಾರ್ದು ಕಣೋ."

"ಒಂದೇ ಒಂದು ಬೇಸಿಗೆ. ಕಂಪನಿಗೆ ಮಾತು ಕೊಟ್ಟುಬಿಟ್ಟಿದೀನಿ. ನನ್ನ ಮರ್ಯಾದೆ ನಿನ್ನ ಕೈಲಿದೆ."

ತಾಯಿ ತೀರಿಕೊಂಡ ಮೇಲೆ ಈ ತಮ್ಮನನ್ನು ಅಪ್ಪ ಹೆಗಲ ಮೇಲೆ ಹೊತ್ತು ಬೆಳೆಸಿದ್ದ. ಅವನಿಗೆ ಇಲ್ಲ ಎನ್ನುವುದು ಅಪ್ಪನಿಗೆ ಗೊತ್ತೇ ಇರಲಿಲ್ಲ. ಮಾರನೆಯ ಬೆಳಿಗ್ಗೆ ತಾನೇ ಸರಪಳಿ ಬಿಚ್ಚಿದ. ಎಂಟುನೂರು ಕುರಿಗಳು ಕೆಳಗಿನ ಕಾವಲಿಗೆ ನುಗ್ಗಿದವು. ಹುಲ್ಲು ಮುಗಿದ ಮೇಲೆ ಬುಡ ಕಿತ್ತು ತಿಂದವು.

"ಅಪ್ಪಾ, ಸಾಕು, ಆಚೆ ಹೊಡಿ!" ಎಂದು ಮಗಳು ದಿನಾ ಜಗಳವಾಡಿದಳು. ಅಪ್ಪ ಅವಳ ಮುಖ ನೋಡಲಿಲ್ಲ.

ಅಳೆಯುವವರು ಬಂದು ನೆಲಕ್ಕೆ ಕೊಳವೆ ಇಳಿಸಿ ಮಣ್ಣು ತೆಗೆದು, ಗುರುತಿಗೆ ಗೂಟ ನೆಟ್ಟು ಹೋದರು. ಆ ವರ್ಷ ಮಳೆ ಕೈಕೊಟ್ಟಿತು. ಗಾಳಿ ಮಾತ್ರ ತಪ್ಪದೆ ಬಂತು. ಮೂರು ವಾರ ಅದು ಬರಿ ನೆಲವನ್ನು ಕೆರೆದು ಹೊತ್ತೊಯ್ದಿತು. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಬಟ್ಟೆಯಿಂದಲೂ ಅಮ್ಮ ಕಾವಲಿನ ಧೂಳು ಕೊಡವಿದಳು. ಮುಂದಿನ ವರ್ಷದ ಮಳೆ ಉಳಿದದ್ದನ್ನೂ ಕೊಚ್ಚಿಕೊಂಡು ಹೋಯಿತು. ಐದು ವರ್ಷದ ಮೇಲೆ ಮಾಡಿದ ಎರಡನೆಯ ಅಳತೆ ಮೊದಲನೆಯದಕ್ಕಿಂತ ಕೆಳಗಿತ್ತು.

ಅಪ್ಪ ಪ್ರತಿ ಬೆಳಿಗ್ಗೆ ಜೇಬಿನಲ್ಲಿ ಹುಲ್ಲುಬೀಜ ತುಂಬಿಕೊಂಡು ಹೋಗಿ ಎರಚಿ ಬರುತ್ತಿದ್ದ. ಒಂದೂ ನಿಲ್ಲಲಿಲ್ಲ.

"ಇದನ್ನ ಕೆಡಿಸಿದೋನು ನಾನು," ಎಂದು ಹೋದ ತಿಂಗಳು ಮಗಳಿಗೆ ಹೇಳಿದ್ದ. "ನನ್ನನ್ನ ಅಲ್ಲೇ ಮಣ್ಣು ಮಾಡು. ಗೊಬ್ಬರವಾದ್ರೂ ಆಗ್ತೀನಿ."

ಮೊನ್ನೆ ಅವನು ಕುಸಿದುಬಿದ್ದದ್ದೂ ಇಲ್ಲೇ. ಎತ್ತುವಾಗ ಜೇಬಿನಿಂದ ಬೀಜ ಉದುರಿತ್ತು.

*

"ಮಣ್ಣಿಗೋಸ್ಕರ ಬದುಕಿದನಾ?" ಎಂದಳು ಮಗಳು. "ಆ ಮಣ್ಣನ್ನ ಅವನ ಕೈಯಿಂದ್ಲೇ ಹಾಳು ಮಾಡ್ಸಿದ್ದು ಯಾರು? ಅದನ್ನೂ ಹೇಳಿ, ಎಲ್ಲರೂ ಇದಾರೆ."

"ಸಾವಿನ ಮನೇಲಿ ಇದೆಲ್ಲ ಯಾಕಮ್ಮಾ? ಮಳೆ ಬರದಿದ್ರೆ ನಾನೇನು ಮಾಡ್ಲಿ?"

"ಪಕ್ಕದೋರ ಜಮೀನಿಗೆ ಬೇರೆ ಆಕಾಶ ಇತ್ತಾ? ಅವರೂ ಅದೇ ಯೋಜನೆಗೆ ಸೇರಿದ್ರು. ಇದ್ದಿದ್ದನ್ನ ಇದ್ದ ಹಾಗೇ ಅಳೆಸಿದ್ರು."

"ನಮ್ಮದು ಚೂರೇ ಏರಿದ್ದು," ಎಂದಳು ಪಕ್ಕದ ಜಮೀನಿನಾಕೆ ಮೆಲ್ಲಗೆ. "ಆದ್ರೂ ಹುಲ್ಲಿದೆ."

ಚಿಕ್ಕಪ್ಪ ಕಾರಿನ ಕಡೆ ನೋಡಿದ. ಮಗಳು ಉಣ್ಣೆಯವನ ಕೈಯಿಂದ ಹಾರೆ ಕಿತ್ತುಕೊಂಡು ಚಿಕ್ಕಪ್ಪನ ಎದೆಗೆ ಹಿಡಿದಳು.

"ತಗೊಳ್ಳಿ. ನೀವೇ ಅಗೀರಿ."

"ನಿನಗೆ ತಲೆ ಕೆಟ್ಟಿದೆಯಾ?"

ಅಮ್ಮ ಕುರ್ಚಿಯಿಂದ ಎದ್ದಳು. ಈ ಮೈದುನನ ಮೇಲೆ ಅವಳು ಯಾವತ್ತೂ ದನಿ ಎತ್ತಿದವಳಲ್ಲ. ಈಗಲೂ ಎತ್ತಲಿಲ್ಲ.

"ಕೋಟು ಬಿಚ್ಚಿಟ್ಟು ಅಗಿ. ಹೊತ್ತಾಗ್ತಿದೆ. ನಿನ್ನ ಅಣ್ಣ ಬಿಸಿಲಲ್ಲಿದಾನೆ."

ಚಿಕ್ಕಪ್ಪ ಕೋಟು ಬಿಚ್ಚಿ, ಇಡಲು ಬೇರೆ ಜಾಗ ಕಾಣದೆ ಅಳತೆ ಗೂಟಕ್ಕೆ ನೇತುಹಾಕಿ ಗುಂಡಿಗಿಳಿದ. ಉಣ್ಣೆಯವನು ಸಹಾಯಕ್ಕೆ ಹೆಜ್ಜೆ ಇಟ್ಟಾಗ ಮಗಳು ಕೈ ಅಡ್ಡ ಹಿಡಿದಳು. ಹಾರೆ ಪುಟಿಯಿತು, ಮತ್ತೆ ಪುಟಿಯಿತು. ಅಂಗೈ ಬೊಬ್ಬೆ ಎದ್ದು ಒಡೆಯಿತು. ಯಾರೂ ನೀರು ಕೊಡಲಿಲ್ಲ. ಗುಂಡಿ ಸೊಂಟದವರೆಗೆ ಇಳಿಯಿತು, ಆಮೇಲೆ ಎದೆಯವರೆಗೆ.

ಅಲ್ಲಿ ಹಾರೆಯ ಸದ್ದು ಬದಲಾಯಿತು. ಗುಂಡಿಯ ಗೋಡೆಯಲ್ಲಿ ಹಳೆಯ ಹುಲ್ಲಿನ ಬೇರುಗಳು ಕಾಣಿಸಿಕೊಂಡವು: ಕೂದಲಿನಷ್ಟು ತೆಳು, ಒಣಗಿ ಬಿಳಿಚಿಕೊಂಡು, ಒಂದಕ್ಕೊಂದು ಹೆಣೆದುಕೊಂಡಿದ್ದವು. ಚಿಕ್ಕಪ್ಪ ಹಿಡಿದೆಳೆದ. ತೋಳುದ್ದದ ಕಂತೆ ಕಿತ್ತುಬಂತು. ಮಣ್ಣು ಕೊಡವಿ ಅದನ್ನು ತಿರುಗಿಸಿ ನೋಡಿದ. ಆಮೇಲೆ, ಮೇಲೆ ಹತ್ತಲು, ಬೇರು ಹಿಡಿದಿದ್ದ ಕೈಯನ್ನೇ ಚಾಚಿದ.

ಮಗಳು ಬಗ್ಗಿ ಬೇರುಗಳನ್ನಷ್ಟೇ ತೆಗೆದುಕೊಂಡಳು.