ತೆಳು ಹಲಗೆಯ ಮನೆ

ಮರದ ಮನೆ ಮಾರುವ ಅಂಗಡಿಯವನದು ಬೆಣ್ಣೆಯಂಥ ದನಿ. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತೇ ತಲೆ ಬೆಳ್ಳಗಾದವಳು ನಾನು. ದನಿ ಕೇಳಿದರೆ ಸಾಕು, ಮನುಷ್ಯನ ಹೊಟ್ಟೆಯಲ್ಲಿ ಏನಿದೆ ಎಂದು ಹೇಳಿಬಿಡುತ್ತೇನೆ ಎಂಬ ಜಂಬ ನನಗೆ. ಈ ಬೆಣ್ಣೆಯಣ್ಣನ ಹೊಟ್ಟೆಯಲ್ಲಿದ್ದದ್ದು ಒಂದೇ, ಎಲ್ಲಕ್ಕಿಂತ ದೊಡ್ಡದನ್ನು ನಮ್ಮ ತಲೆಗೆ ಕಟ್ಟುವುದು. ಅಂಗಡಿಯ ಹಿಂದಿನ ಬಯಲಿನಲ್ಲಿ ನೋಡುವವರಿಗೆಂದು ಒಂದಿಷ್ಟು ಮನೆಗಳನ್ನು ಕಟ್ಟಿ ನಿಲ್ಲಿಸಿದ್ದ. ಒಂದಕ್ಕೆ ಜಗಲಿ, ಒಂದಕ್ಕೆ ಅಟ್ಟ, ಎಲ್ಲದರಿಂದಲೂ ಹಸಿ ಮರದ ವಾಸನೆ.

"ಯಾರಿಗೆ ಸಾರ್ ಇದು? ಯಾರು ಇರ್ತಾರೆ ಅಂತ ಹೇಳಿದ್ರೆ ಸರಿಯಾದ್ದು ತೋರಿಸ್ತೀನಿ," ಎಂದು ಅವನು ನನ್ನ ಮಗನನ್ನು ಕೇಳಿದ.

ಮಗ ಸೊಸೆಯ ಮುಖ ನೋಡಿದ. ಸೊಸೆ ಕೈಯಲ್ಲಿದ್ದ ಕಾರಿನ ಕೀಲಿ ನೋಡಿದಳು.

"ನನಗೇ ಕಣಪ್ಪ," ಎಂದೆ ನಾನು. "ಈ ಮುದುಕಿಗೆ. ಮನೆ ಒಳಗೆ ಜಾಗ ಸಾಲ್ತಾ ಇಲ್ಲ."

ಮಗನ ಬಾಯಿ ತೆರೆಯಿತು, ಹಾಗೇ ಮುಚ್ಚಿಕೊಂಡಿತು. ಸೊಸೆ "ಅತ್ತೆ..." ಎಂದವಳು ಮುಂದಕ್ಕೆ ಹೋಗಲಿಲ್ಲ. ಇಬ್ಬರಲ್ಲಿ ಒಬ್ಬರೂ ಇಲ್ಲ ಅನ್ನಲಿಲ್ಲ. ನನಗೆ ಅಷ್ಟು ಸಾಕಾಯಿತು.

ಎಷ್ಟೋ ದಿನದಿಂದ ನನಗೆ ಇದರ ವಾಸನೆ ಬಡಿಯುತ್ತಿತ್ತು. ಇಬ್ಬರೂ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನನ್ನ ಕೋಲಿನ ಸದ್ದು ಕೇಳಿದ್ದೇ ತಡ, ನಲ್ಲಿ ತಿರುಗಿಸುವುದೇನು, ಪಾತ್ರೆ ಎತ್ತಿಡುವುದೇನು! ಆಮೇಲೊಂದು ದಿನ ಮಗ, "ಹಿತ್ತಲಲ್ಲಿ ಒಂದು ಮರದ ರೂಮು ಹಾಕ್ಸೋಣ ಅಂತಿದೀವಿ ಅಮ್ಮ, ನನ್ನ ಕೆಲಸಕ್ಕೆ," ಎಂದ. ಅವನ ಕೆಲಸ ಕಟ್ಟುಹಲ್ಲು ಮಾಡುವುದು. ದಂತವೈದ್ಯರ ಪ್ರಯೋಗಾಲಯದಲ್ಲಿ ಬೆಳಗ್ಗಿನಿಂದ ಸಂಜೆವರೆಗೆ ಹಲ್ಲು ಉಜ್ಜುವ ಈ ಮಹಾಶಯ ಇವತ್ತಿನವರೆಗೆ ಒಂದು ಹಲ್ಲನ್ನೂ ಮನೆಗೆ ತಂದವನಲ್ಲ. ಯಾರ ಕಣ್ಣಿಗೆ ಮಣ್ಣೆರಚುತ್ತಾನೆ ಇವನು ಎಂದುಕೊಂಡೆ.

ಮನೆ ಸೊಸೆಯದು, ಅವಳಪ್ಪ ಅವಳಿಗೆ ಬಿಟ್ಟುಹೋದದ್ದು. ನನ್ನ ಮಂಡಿಯೂ ಎದೆಯೂ ಒಟ್ಟಿಗೇ ಕೈಕೊಟ್ಟ ಮೇಲೆ ನಾನು ಬಂದು ಸೇರಿಕೊಂಡವಳು. ಮುಂದಿನ ಕೋಣೆ ನನಗೆ ಕೊಟ್ಟಿದ್ದರು. ಬೆಳಗಿನ ಬಿಸಿಲು ನೇರ ಹಾಸಿಗೆಯ ಮೇಲೆ ಬೀಳುತ್ತದೆ. ಆ ಕೋಣೆಯಲ್ಲೇ ಕಣ್ಣು ಮುಚ್ಚಬೇಕು ಎನ್ನುವುದೊಂದೇ ನನಗೆ ಉಳಿದಿದ್ದ ಆಸೆ. ಅದನ್ನೂ ಕಿತ್ತುಕೊಳ್ಳುತ್ತಿದ್ದಾರಲ್ಲ ಎಂದು ಹೊಟ್ಟೆ ಉರಿಯಿತು. ಅತ್ತು ಕರೆದು ಬೇಡಿಕೊಳ್ಳುವ ಜಾತಿಯವಳಲ್ಲ ನಾನು. ಬೇರೆ ರೀತಿ ಚುಚ್ಚುವುದು ನನಗೆ ಗೊತ್ತು.

ಬೆಣ್ಣೆಯಣ್ಣ ದಪ್ಪ ಹಲಗೆಯ ಮನೆಯೊಂದಕ್ಕೆ ಕರೆದುಕೊಂಡು ಹೋದ. ಗೋಡೆ ತಟ್ಟಿ ತೋರಿಸಿದ. ಕಿಟಕಿಗೆ ಎರಡು ಪದರ ಗಾಜು, ನೆಲದ ಕೆಳಗೆ ಚಳಿ ತಡೆಯುವ ಹಾಸು.

"ಇದೇ ಇರ್ಲಿ ಅತ್ತೆ," ಎಂದಳು ಸೊಸೆ. "ತೆಳು ಹಲಗೆ ಆದ್ರೆ ಚಳಿ ತಡೆಯಲ್ಲ."

"ಎಷ್ಟು ದಿನ ಇರ್ತೀನಮ್ಮ ನಾನು?" ಎನ್ನುತ್ತಾ ಕೋಲೂರಿಕೊಂಡು ಬಯಲಿನ ಮೂಲೆಗೆ ಹೋದೆ. ಅಲ್ಲಿ ಎಲ್ಲಕ್ಕಿಂತ ಚಿಕ್ಕದೊಂದು ನಿಂತಿತ್ತು. ಒಂದು ಬಾಗಿಲು, ಒಂದೇ ಕಿಟಕಿ. ಬೆರಳಲ್ಲಿ ತಟ್ಟಿದರೆ ಬಿಸ್ಕತ್ತಿನ ಡಬ್ಬಿಯ ಹಾಗೆ ಸದ್ದು ಮಾಡುತ್ತಿತ್ತು.

"ಅಮ್ಮಾ, ಅದು ಹಾರೆ ಗುದ್ದಲಿ ಇಡೋಕೆ ಅಂತ ಮಾಡಿರೋದು," ಎಂದ ಅಂಗಡಿಯವನು. ಬೆಣ್ಣೆ ಕರಗಿ ಆ ದನಿಯಲ್ಲಿ ಮೊದಲ ಸಲ ನಿಜ ಬಂದಿತ್ತು. "ದಿನಾ ಮಲಗೋರಿಗಲ್ಲ."

"ನಾನೂ ಅದೇ ತಾನೆ, ಕೆಲಸ ಮುಗಿದ ಗುದ್ದಲಿ. ಇದೇ ಇರ್ಲಿ. ಕಿಟಕಿ ಹಿಂದಿನ ಕಾಂಪೌಂಡ್ ಕಡೆಗಿರ್ಲಿ. ಇವರ ಮನೆ ನೋಡ್ಕೊಂಡು ನಾನೇನ್ ಮಾಡ್ಬೇಕು?"

ಮಗ ಮುಖ ತಿರುಗಿಸಿ ಬಯಲಿನಾಚೆಯ ರಸ್ತೆ ನೋಡತೊಡಗಿದ. ಸರಿಯಾಗಿ ನಾಟಿತು ಎಂದು ಒಳಗೊಳಗೇ ಹಿಗ್ಗಿದೆ. "ಅಮ್ಮ ಹೇಳಿದ್ದೇ ಕೊಡಿ," ಎಂದ ಅವನು, ರಸ್ತೆ ನೋಡುತ್ತಲೇ.

ಮನೆ ಲಾರಿಯಲ್ಲಿ ಬಂತು, ಒಂದು ದೊಡ್ಡ ಕಟ್ಟಾಗಿ. ಪ್ಲಾಸ್ಟಿಕ್ ಹರಿದರೆ ಒಳಗೆ ಬರೀ ಹಲಗೆ, ಒಂದು ಚೀಲ ಮೊಳೆ, ಮತ್ತೆ ಜೋಡಿಸುವ ಬಗೆ ತೋರಿಸುವ, ಮಾತಿಲ್ಲದ ಚಿತ್ರಗಳ ಒಂದು ಹಾಳೆ. ರಜೆಯ ದಿನ ಗಂಡ ಹೆಂಡತಿ ಇಬ್ಬರೂ ಹಳೆಯ ಬಟ್ಟೆ ತೊಟ್ಟು ಹಿತ್ತಲಿಗೆ ಇಳಿದರು. ನಾನು ಕುರ್ಚಿ ಹಾಕಿಸಿಕೊಂಡು, ಶಾಲು ಹೊದ್ದು, ನನ್ನ ಜೈಲು ಎದ್ದು ನಿಲ್ಲುವುದನ್ನು ನೋಡಲು ಕೂತೆ.

ಮೊದಲು ನೆಲಕ್ಕೆ ತೊಲೆ ಹಾಸಿದರು. ರಸಮಟ್ಟದ ಗುಳ್ಳೆ ನಡುವೆ ನಿಲ್ಲುವವರೆಗೆ ಮಗ ಮಣ್ಣು ಕೆರೆದ, ತುಂಬಿದ, ಮತ್ತೆ ಕೆರೆದ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಹಲ್ಲು ಕಚ್ಚುವುದಿಲ್ಲ ಎನ್ನುವುದು ಅವನ ವೃತ್ತಿಯ ಚಾಳಿ. ಸೊಸೆ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು, ಪಕ್ಕದಲ್ಲಿ ನಿಂತು "ನಿಧಾನ... ಎಡಕ್ಕೆ... ಸಾಕು" ಎನ್ನುತ್ತಿದ್ದಳು. ಆಮೇಲೆ ಗೋಡೆ. ಒಂದು ಹಲಗೆಯ ಕಚ್ಚಿಗೆ ಇನ್ನೊಂದರ ಕಚ್ಚು ಕೂಡಿಸಿ ರಬ್ಬರ್ ಸುತ್ತಿಗೆಯಿಂದ ಬಡಿಯಬೇಕು. ಅವಳು ಒಂದು ತುದಿ, ಅವನು ಒಂದು ತುದಿ. ಅವನು ಕೈ ಚಾಚುವ ಮೊದಲೇ ಅವಳು ಮುಂದಿನ ಹಲಗೆ ಎತ್ತಿಕೊಟ್ಟಿರುತ್ತಿದ್ದಳು. ಒಂದು ಸಲ ಅವನ ಹೆಬ್ಬೆರಳು ಜಜ್ಜಿದಾಗ ತಾನೇ ನೀರು ತಂದು ತೊಳೆದು ಬಟ್ಟೆ ಸುತ್ತಿದಳು. ನೋಡು ಒಗ್ಗಟ್ಟು! ಮುದುಕಿಯನ್ನು ಹೊರಗೆ ಹಾಕುವುದಕ್ಕೆ ಎಷ್ಟು ಹೊಂದಾಣಿಕೆ! ಹಾಗೆಂದುಕೊಂಡು ನಾನು ಮೂಗು ಮುರಿದೆ.

ಬಾಗಿಲ ಚೌಕಟ್ಟಿನ ಹತ್ತಿರ ಮಾತ್ರ ಒಂದಿಷ್ಟು ಮಾತಾಯಿತು.

"ಗೋಡೆಗೆ ಸ್ಕ್ರೂ ಹೊಡೀಬೇಡಿ," ಎಂದಳು ಸೊಸೆ. "ಚಿತ್ರದಲ್ಲಿ ಅಡ್ಡಗೆರೆ ಹಾಕಿದಾರೆ. ಮರ ಉಬ್ಬಿ ಕುಗ್ಗುತ್ತೆ, ಸಡಿಲ ಬಿಡ್ಬೇಕಂತೆ."

"ಅಲ್ಲಾಡ್ತಾ ಇರುತ್ತೆ."

"ಅಲ್ಲಾಡ್ಲಿ. ಸಂದಿಗೆ ನಾನು ಏನಾದ್ರೂ ತುಂಬ್ತೀನಿ."

ತುಂಬಿದಳು ಕೂಡ. ಹಳೆಯ ಉಣ್ಣೆಯ ಶಾಲೊಂದನ್ನು ಉದ್ದುದ್ದ ಹರಿದು, ಚಾಕುವಿನ ತುದಿಯಿಂದ ಸಂದಿಸಂದಿಗೂ ಒತ್ತುತ್ತಾ ಕತ್ತಲಾಗುವವರೆಗೆ ಮಂಡಿಯೂರಿ ಕೂತಿದ್ದಳು. ಊರವರು ನೋಡಲಿ ಎಂದು ನಾಟಕ ಎಂದುಕೊಂಡೆ. ಹಿತ್ತಲಿಗೆ ಯಾವ ಊರವರು ಬರುತ್ತಾರೆ ಎಂದು ಆಗ ನನಗೆ ಹೊಳೆಯಲಿಲ್ಲ.

ಛಾವಣಿಗೆ ಡಾಂಬರು ಹಾಳೆ ಹೊಡೆದ ಮಾರನೆಯ ದಿನ ನಾನು ಗಂಟುಮೂಟೆ ಕಟ್ಟಿದೆ. ಮಾತ್ರೆಗಳು, ಸ್ವೆಟರು, ದಿಂಬು. ಅವರು ಹೊರಡಿ ಎನ್ನುವ ಮೊದಲೇ ನಾನು ಹೊರಟಿರಬೇಕು. ಸೊಸೆ ಕೆಲಸದಿಂದ ಬರುವ ಹೊತ್ತಿಗೆ ಮುಂದಿನ ಕೋಣೆ ಬರಿದಾಗಿ, ನೋಡಿದವಳ ಎದೆ ಧಸಕ್ಕೆನ್ನಬೇಕು. ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಕೋಲು. ಏದುಸಿರು ಬಿಡುತ್ತಾ ಹಿತ್ತಲು ದಾಟಿದೆ.

ಬಾಗಿಲು ತೆರೆದೇ ಇತ್ತು. ಒಳಗೆ, ಕೆಲಸಕ್ಕೆ ಹೋಗಿದ್ದಾನೆ ಎಂದು ನಾನು ತಿಳಿದಿದ್ದ ಮಗ ಮಂಡಿಯೂರಿ ಗೋಡೆಗೆ ಶೆಲ್ಫು ಹೊಡೆಯುತ್ತಿದ್ದ. ಮೂಲೆಯಲ್ಲಿ ಒಬ್ಬರು ಮಲಗುವ ಮಂಚ, ಅದರ ಮೇಲೆ ಅವನ ಹಾಸಿಗೆ. ಮೊಳೆಗೆ ಅವನ ಅಂಗಿಗಳು. ಕಿಟಕಿಯ ಅಂಚಿನ ಮೇಲೆ ಅವನ ಗಡ್ಡ ಕೆರೆಯುವ ಸಾಮಾನು, ಹಲ್ಲುಜ್ಜುವ ಬ್ರಶ್ಶು.

"ಇದೇನೋ, ನಿನ್ನ ಸಾಮಾನೆಲ್ಲ ಇಲ್ಲಿ?"

ಅವನು ತಿರುಗಿ ನೋಡಿದ. ನನ್ನನ್ನಲ್ಲ, ಕೈಯಲ್ಲಿದ್ದ ಚೀಲವನ್ನು. "ಅಯ್ಯೋ ಅಮ್ಮ, ನೀನು ನಿಜವಾಗ್ಲೂ ಹೊರಟುಬಿಟ್ಯಾ?" ಎಂದು ಎದ್ದು ಬಂದು ನನ್ನ ತೋಳು ಹಿಡಿದು ಮಂಚದ ಮೇಲೆ ಕೂರಿಸಿದ. "ಇದು ನಿನಗಲ್ಲಮ್ಮ. ನನಗೆ. ನಾನೂ ಅವಳೂ ಬೇರೆ ಆಗಿದೀವಿ."

ನಾನು ಚೀಲ ಕೆಳಗಿಟ್ಟೆ. "ಅವಳೇನಾದ್ರೂ ಅಂದ್ಲಾ? ನೀನೇನಾದ್ರೂ ಮಾಡ್ಕೊಂಡ್ಯಾ?"

"ಯಾರೂ ಏನೂ ಮಾಡಿಲ್ಲ. ಒಬ್ಬರಿಗೊಬ್ಬರು ಹೇಳೋದು ಏನೂ ಉಳಿದಿಲ್ಲ, ಅಷ್ಟೇ. ರಾತ್ರಿ ಒಂದೇ ರೂಮಲ್ಲಿ ಇಬ್ಬರೂ ನಿದ್ದೆ ಬಂದಿರೋ ಹಾಗೆ ನಟಿಸ್ತಾ ಮಲಗಿರ್ತಿದ್ವಿ. ಸಾಕಾಗಿತ್ತು."

"ಹಾಗಿದ್ರೆ ಬೇರೆ ಮನೆ ಮಾಡ್ಕೊಂಡು ಹೋಗೋದು ತಾನೆ? ಹಿತ್ತಲಲ್ಲಿ ಇದೇನು ಅವತಾರ?"

"ನಿನ್ನ ಏನ್ ಮಾಡೋದು? ಮೆಟ್ಟಿಲು ಹತ್ತೋ ಹಾಗಿಲ್ಲ, ಮನೆ ಬದಲಾಯಿಸಿ ಓಡಾಡೋ ಹಾಗಿಲ್ಲ ಅಂತಾರೆ ಡಾಕ್ಟ್ರು. ಅವಳೇ ಹೇಳಿದ್ದು, ಅತ್ತೆ ಆ ರೂಮು ಬಿಡೋದು ಬೇಡ, ನೀವು ಹಿತ್ತಲಲ್ಲಿರಿ, ಅವರಿಗೆ ಗೊತ್ತಾಗೋದೂ ಬೇಡ, ಅವರು ಇರೋವರೆಗೆ ಹೀಗೇ ಇರೋಣ ಅಂತ."

ಆಡಿದ ಮಾತು ತನ್ನ ಕಿವಿಗೇ ಬಿದ್ದು ಅವನು ತಲೆ ತಗ್ಗಿಸಿದ.

"ಅವತ್ತು ಅಂಗಡೀಲಿ ಬಾಯಿ ಬಿಡೋಕೆ ಏನಾಗಿತ್ತೋ ನಿನಗೆ?"

"ನೀನು 'ನನಗೇ' ಅಂದುಬಿಟ್ಟೆ. ಅಲ್ಲ ಅಂದ್ರೆ, ಮತ್ತೆ ಯಾರಿಗೆ ಅಂತ ಹೇಳ್ಬೇಕಾಗ್ತಿತ್ತು. ಆ ಅಂಗಡಿಯವನ ಎದುರಿಗೆ ನನ್ನ ಕೈಲಿ ಆಗಲಿಲ್ಲ. ಮನೆಗೆ ಬಂದ ಮೇಲೂ ಆಗಲಿಲ್ಲ."

"ಆಯ್ತು. ಈ ದರಿದ್ರದ್ದನ್ನೇ ಯಾಕೆ ತಗೊಂಡೆ? ನಾನು ಸಿಟ್ಟಿಗೆ ಆರಿಸಿದ್ದು ಕಣೋ ಇದು! ನಿಮ್ಮಿಬ್ಬರಿಗೂ ಚುಚ್ಚಲಿ ಅಂತ!"

"ಗೊತ್ತಾಯ್ತು," ಎಂದ ಮಗ. "ಆದ್ರೂ ನನಗೆ ಇಷ್ಟೇ ಸಾಕು ಅನ್ನಿಸ್ತು."

ಅವನ ದನಿಯಲ್ಲಿ ಏನೂ ಇರಲಿಲ್ಲ. ಸಾವಿನ ಸುದ್ದಿ ಹೇಳಿಸಿಕೊಂಡವರು "ಸರಿ" ಎಂದು ಫೋನ್ ಇಡುತ್ತಿದ್ದ ದನಿ ಅದು, ಎಷ್ಟು ಕೇಳಿದ್ದೇನೆ. ಇದೇ ದನಿ ನಮ್ಮ ಅಡುಗೆಮನೆಯಲ್ಲಿ ದಿನವೂ ಓಡಾಡಿಕೊಂಡಿತ್ತು. ನಾನೊಬ್ಬಳು ಬೆಪ್ಪುತಕ್ಕಡಿ, ನನ್ನ ಹೆಸರು ಎಲ್ಲಿ ಬರುತ್ತದೆ ಎಂದು ಮಾತ್ರ ಕಿವಿಗೊಟ್ಟಿದ್ದೆ.

ಗೋಡೆಗೆ ಅಂಗೈ ಇಟ್ಟೆ. ಹೊರಗಿನ ತಂಡಿ ಅಷ್ಟೂ ಒಳಗೇ ಇತ್ತು. ಉಣ್ಣೆ ಒತ್ತಿದ ಸಂದಿಗಳು ಮಾತ್ರ ಬೆಚ್ಚಗೆ ತಗುಲಿದವು. ನನಗೆ ಅಳು ಬಂತು, ಅತ್ತುಬಿಟ್ಟೆ. ಮಗ ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರಿದ. ನಾನು ಸವರಬೇಕಾಗಿದ್ದ ಬೆನ್ನು ಅವನದು.

"ನೀನು ಒಳಗೆ ಹೋಗೋ," ಎಂದೆ. "ನನ್ನ ರೂಮಲ್ಲಿ ಮಲಗು. ನಾನು ಇಲ್ಲಿರ್ತೀನಿ. ಹೇಗೂ ಹೊರಟು ಬಂದಿದೀನಿ."

"ಒಳಗೆ ಮಲಗೋಕಾಗಲ್ಲಮ್ಮ," ಎಂದ ಅವನು. "ಅದಕ್ಕೇ ಇದನ್ನ ಕಟ್ಟಿದ್ದು."

ಅಷ್ಟರಲ್ಲಿ ಸೊಸೆ ಬಂದಳು. ಬಾಗಿಲಲ್ಲಿ ನಿಂತು ನನ್ನನ್ನೂ ಚೀಲವನ್ನೂ ನೋಡಿದಳು. ಎಲ್ಲ ತಿಳಿದುಹೋಗಿದೆ ಎಂದು ಅವಳಿಗೆ ತಿಳಿಯಿತು. ಚೀಲ ಎತ್ತಿಕೊಂಡು, ಇನ್ನೊಂದು ಕೈ ನನಗೆ ಕೊಟ್ಟು, ಹೆಜ್ಜೆಹೆಜ್ಜೆಗೂ ಕಾಯುತ್ತಾ ಮನೆಯೊಳಕ್ಕೆ ಕರೆತಂದಳು. ದಿಂಬು ಮೊದಲಿದ್ದಲ್ಲೇ ಇಟ್ಟಳು. ಮಾತ್ರೆಗಳನ್ನು ಬೆಳಗ್ಗೆಯವು ಬೇರೆ, ರಾತ್ರಿಯವು ಬೇರೆ ಜೋಡಿಸಿದಳು.

"ನಾನು ನಿಮ್ಮನ್ನ ಹೊರಗೆ ಹಾಕ್ತೀನಿ ಅಂತ ಅಂದ್ಕೊಂಡಿದ್ರಾ ಅತ್ತೆ?" ಎಂದು ಕೇಳಿದಳು. ಸಿಟ್ಟಿರಲಿಲ್ಲ, ಸುಸ್ತಿತ್ತು.

ಹೂಂ ಎನ್ನುವುದಕ್ಕೂ ನಾಚಿಕೆ, ಊಹೂಂ ಎಂದರೆ ಸುಳ್ಳು. ಇವಳ ಮೇಲೆ ಎರಡು ಮಾತು ಹಾರಿಸಿ ಹೊಟ್ಟೆ ತಣ್ಣಗೆ ಮಾಡಿಕೊಳ್ಳೋಣ ಎಂದರೆ ಅದಕ್ಕೂ ಅವಳು ಜಾಗ ಬಿಟ್ಟಿರಲಿಲ್ಲ. ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ಆ ಸಂಜೆ ಮೂವರೂ ಒಂದೇ ಮೇಜಿನಲ್ಲಿ ಊಟ ಮಾಡಿದೆವು. ಇನ್ನಷ್ಟು ಹಾಕಲಾ ಎಂದು ಅವಳು ಕೇಳಿದಳು, ಸಾಕು ಎಂದು ಅವನು ಹೇಳಿದ. ತಟ್ಟೆ ತೊಳೆದಿಟ್ಟು, ನೀರಿನ ಬಾಟಲಿ ತುಂಬಿಸಿಕೊಂಡು, "ಬರ್ತೀನಮ್ಮ," ಎಂದ. ನಾನು ಅವನ ಹಿಂದೆಯೇ ಹಿಂಬಾಗಿಲವರೆಗೆ ಹೋದೆ. ಹೊರಗೆ ಕತ್ತಲು ಕವಿದಿತ್ತು, ಗಾಳಿ ಎದ್ದಿತ್ತು. ಒದ್ದೆ ಎಲೆಗಳ ಮೇಲೆ ಅವನ ಹೆಜ್ಜೆಯ ಸದ್ದು ಕೇಳಿತು. ಮರದ ಬಾಗಿಲು ತೆರೆದ ಸದ್ದು ಕೇಳಿತು. ನಾನೇ ಹಟ ಮಾಡಿ ಕಾಂಪೌಂಡ್ ಕಡೆಗೆ ಇಡಿಸಿದ್ದ ಕಿಟಕಿ, ಅವನು ದೀಪ ಹಚ್ಚಿದನೋ ಇಲ್ಲವೋ ಈ ಕಡೆಗೆ ಕಾಣುವಂತಿರಲಿಲ್ಲ. ನಾನು ಹೊಸ್ತಿಲಲ್ಲೇ ನಿಂತಿದ್ದೆ. ಅಡುಗೆಮನೆಯಲ್ಲಿ ಸೊಸೆ ನಲ್ಲಿ ನಿಲ್ಲಿಸಿದಳು. ಅವಳೂ ಕಿವಿಗೊಟ್ಟಿದ್ದಳು.

"ಅಮ್ಮಾ," ಎಂದು ಮಗ ಅಲ್ಲಿಂದಲೇ ಕೂಗಿದ, "ಚಿಲಕ ಹಾಕ್ಕೋ. ಗಾಳಿ ಒಳಗೆ ಬರುತ್ತೆ."

ನಾನು ಬಾಗಿಲು ಮುಚ್ಚಿ ಚಿಲಕ ಹಾಕಿದೆ.