ಮೊದಲ ಚಾಂಪಿಯನ್ನನ ಮುಷ್ಟಿ

ಮಗಳು ಅಪ್ಪನ ಎಡಗೆನ್ನೆ ಮುಗಿಸಿ ಗದ್ದದ ಕೆಳಗೆ ಕತ್ತಿ ಇಟ್ಟಿದ್ದಳಷ್ಟೆ, ಬಾಕ್ಸಿಂಗ್ ಸಂಘದ ಕಾರ್ಯದರ್ಶಿ ಕೈಯಲ್ಲೊಂದು ಬಕೆಟ್ಟು, ಕಂಕುಳಲ್ಲೊಂದು ಪ್ಲಾಸ್ಟರ್ ಚೀಲ ಹಿಡಿದು ಒಳನುಗ್ಗಿದ.

"ಸ್ವಲ್ಪ ಕೈ ಬೇಕಿತ್ತಮ್ಮ."

"ಯಾರ ಕೈ?"

"ಅಪ್ಪಾಜಿಯವರದು. ಬಲಗೈ. ನಾಳೆ ನಮ್ಮ ಮ್ಯೂಸಿಯಂ ಉದ್ಘಾಟನೆ ನೋಡಿ. ಗಾಜಿನ ಪೆಟ್ಟಿಗೇಲಿ ಅವರ ಮುಷ್ಟಿ ಅಚ್ಚು ಇಡ್ತೀವಿ. ಕೆಳಗೆ ಕಲ್ಲಲ್ಲಿ ಹೆಸರು ಕೆತ್ತಿಸಿ ಆಗಿದೆ."

ಅವಳು ಉಳಿದ ನೊರೆ ಒರೆಸಿದಳು. ಅದು ಅವರ ಕ್ಷೌರದಂಗಡಿಯ ಹಿಂದಿನ ಕೋಣೆ. ಮೂವತ್ತು ವರ್ಷ ಅಪ್ಪ ಊರವರ ಗಡ್ಡ ಕೆರೆದು, ಸೊಂಟ ಹಿಡಿದುಕೊಂಡು ಬಂದು ಮಲಗುತ್ತಿದ್ದ ಮಂಚ ಇದೇ. ಆದರೆ ಹೊರಗೆ ನೆರೆದವರ ಪಾಲಿಗೆ ಸತ್ತವನು ಕ್ಷೌರಿಕನಲ್ಲ, ದೇಶದ ಮೊಟ್ಟಮೊದಲ ಹೆವಿವೇಟ್ ಚಾಂಪಿಯನ್. ಇಪ್ಪತ್ತೆರಡು ಪಂದ್ಯ, ಒಂದೂ ಸೋಲಿಲ್ಲ. ಅವನ ಒಂದು ಪಂದ್ಯವನ್ನೂ ಕಣ್ಣಾರೆ ಕಾಣದ ಮಹಾಶಯರು "ಅಂಥವರು ಇನ್ನು ಹುಟ್ಟಲ್ಲ ಬಿಡಿ" ಎಂದು ಬಾಗಿಲಲ್ಲಿ ನಿಂತು ತಲೆದೂಗುತ್ತಿದ್ದರು. ಕೇಳಿ ಕೇಳಿ ಅವಳಿಗೆ ಬೆಳಗಿನಿಂದಲೂ ಹೇಸಿಗೆಯಾಗುತ್ತಿತ್ತು.

ಕಾರ್ಯದರ್ಶಿ ಹೆಣದ ಬೆರಳು ಮಡಿಸಲು ನೋಡಿದ. ರಾತ್ರಿಯಿಡೀ ಸೆಟೆದುಕೊಂಡಿದ್ದ ಬೆರಳುಗಳು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಮಂಚಕ್ಕೆ ಮೊಣಕಾಲೂರಿ ಬಲ ಹಾಕಿದ. ಏನೋ ಲಟಕ್ಕೆಂದಿತು.

"ಬಿಡ್ರೀ ಕೈ! ಕತ್ತಿ ಇನ್ನೂ ನನ್ನ ಕೈಲೇ ಇದೆ."

"ತಪ್ಪು ತಿಳ್ಕೋಬೇಡಿ. ಇದು ನಿಮ್ಮೊಬ್ಬರದಲ್ಲಮ್ಮ. ಇತಿಹಾಸ."

ಇತಿಹಾಸವಂತೆ! ಅದರ ಬಂಡವಾಳ ಅವಳಿಗೆ ಗೊತ್ತಿತ್ತು.

*

ಹದಿನೈದು ವರ್ಷದ ಹಿಂದಿನ ಮಾತು. ಆಗಲೇ ಅಂಗಡಿಯ ಎರಡನೇ ಕುರ್ಚಿ ಅವಳದಾಗಿತ್ತು. ಮೊದಲನೆಯದರಲ್ಲಿ ಮೂಟೆ ಕೂತಿದ್ದ. ಗೋದಾಮಿನಲ್ಲಿ ಕಲ್ಲಿದ್ದಲು ಹೊರುತ್ತಿದ್ದವನಿಗೆ ಊರು ಇಟ್ಟ ಹೆಸರದು. ಅವನೂ ಅದಕ್ಕೇ ಓಗೊಡುತ್ತಿದ್ದ. ಅಪ್ಪ ಅವನ ಮುಖಕ್ಕೆ ನೊರೆ ಹಚ್ಚುತ್ತ, ಕಾದು ಕೂತ ಗಿರಾಕಿಗಳಿಗೆ ಎಂದಿನಂತೆ ತನ್ನ ಪಂದ್ಯಗಳ ಕತೆ ಬಿಡುತ್ತಿದ್ದ.

"ಈ ಮೂಟೆ ಜೊತೆ ಆಡಿದ್ರಾ ಸಾರ್? ಆಳು ಗಟ್ಟಿ ಇದ್ದಾನೆ" ಎಂದ ಒಬ್ಬ.

"ಇವನಾ? ಅಭ್ಯಾಸಕ್ಕೆ ಇಟ್ಕೊಂಡಿದ್ದೆ. ಎರಡೇಟಿಗೆ ಮಕಾಡೆ ಮಲಗ್ತಿದ್ದ."

ಅಂಗಡಿಗೆ ಅಂಗಡಿಯೇ ನಕ್ಕಿತು. ಮೂಟೆ ಕಣ್ಣು ಮುಚ್ಚಿಕೊಂಡ. ಗಂಟಲ ಮೇಲೆ ಕತ್ತಿ ಇರುವಾಗ ಯಾರು ತಾನೇ ಮಾತಾಡುತ್ತಾರೆ?

ಅವನು ಹೋದ ಮೇಲೆ ಅಪ್ಪ ಬ್ರಷ್ ತೊಳೆದ. ಮತ್ತೆ ತೊಳೆದ. ಮೂರನೇ ಸಲಕ್ಕೆ ಮಗಳು ಕೇಳಿಯೇಬಿಟ್ಟಳು.

"ನಿಜ ಹೇಳಪ್ಪ."

"ಬಾಗಿಲು ಹಾಕ್ಕೊಂಡು ಒಂದೇ ದಿನ ಆಡಿದ್ವಿ. ಅವನ ಎಡಗೈ ಬಂದದ್ದೇ ಕಾಣ್ಲಿಲ್ಲ, ನೆಲ ಕಂಡೆ. ಎಬ್ಬಿಸಿ ಮುಖಕ್ಕೆ ನೀರು ಹಾಕಿದವನೂ ಅವನೇ. ಹಮಾಲಿ ಜೊತೆ ಚಾಂಪಿಯನ್ ಸೆಣಸೋದು ಮರ್ಯಾದೆ ಅಲ್ಲ ಅಂತ ಸಂಘದವರು ಪಂದ್ಯದ ಪಟ್ಟಿಯಿಂದ ಅವನ ಹೆಸರು ಹೊಡೆದು ಹಾಕಿದ್ರು."

"ನೀನೇನಂದೆ?"

"ಬದುಕಿದೆಯಾ ಬಡಜೀವವೇ ಅಂದ್ಕೊಂಡೆ."

"ಥೂ!" ಎಂದಳು ಮಗಳು. ಅಪ್ಪನಿಗೆ ಹಾಗೆಂದದ್ದು ಅದೇ ಮೊದಲು. ಅಪ್ಪ ತಲೆ ತಗ್ಗಿಸಿದ. ಮಾರನೇ ಬೆಳಿಗ್ಗೆ ಮತ್ತೆ ಅದೇ ಕತೆ, ಅದೇ ನಗು. ಅಂದಿನಿಂದ ಅವಳಿಗೆ ಅಪ್ಪನ ಮೇಲಿದ್ದ ಪ್ರೀತಿಯಲ್ಲಿ ಹೇಸಿಗೆಯೂ ಬೆರೆತು, ಎರಡನ್ನೂ ಬೇರೆ ಮಾಡಲಾಗದೆ ಹೋಯಿತು.

*

ಕಾರ್ಯದರ್ಶಿ ಮೂಲೆಯಲ್ಲಿ ಕೂತು ಪ್ಲಾಸ್ಟರ್ ಕಲಸತೊಡಗಿದ್ದ. ಆಗ ಮೂಟೆ ಬಂದ. ಬೆನ್ನು ಬಾಗಿತ್ತು, ಕೆಮ್ಮು ಅವನಿಗಿಂತ ಮುಂಚೆಯೇ ಕೋಣೆಯೊಳಗೆ ಬಂತು. ಅವನು ಯಾರೆಂದು ಅಲ್ಲಿ ಒಬ್ಬರೂ ಕೇಳಲಿಲ್ಲ. ಮಗಳು ಅವನನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಂಡು ಹೋದಳು.

"ಮಾಮ, ಇವತ್ತು ಎಲ್ಲರ ಮುಂದೆ ಹೇಳಿಬಿಡ್ತೀನಿ. ಗೆದ್ದವರು ನೀವು ಅಂತ. ಈ ಸುಳ್ಳನ್ನ ಅಪ್ಪನ ಜೊತೆ ಹೊತ್ಕೊಂಡು ಹೋಗೋಕೆ ನಾನು ಬಿಡಲ್ಲ. ನೀವು ಹೂಂ ಅಂದ್ರೆ ಸಾಕು."

ಮುದುಕ ಗಾಬರಿಯಾದ. "ಬೇಡ ತಾಯಿ. ಅವನನ್ನ ಇಳಿಸ್ಬೇಡ."

"ಹೊತ್ತು ಹೊತ್ತು ನಿಮ್ಮ ಬದುಕೇ ಸವೆದುಹೋಯ್ತಲ್ಲ!"

"ಸವೀತು. ಆದ್ರೆ ಒಂದೊಂದು ಮೂಟೆ ಎತ್ತುವಾಗ್ಲೂ ಅಂದ್ಕೋತಿದ್ದೆ, ಚಾಂಪಿಯನ್ನನ್ನ ಕೆಡವಿದವನು ನಾನು ಅಂತ. ಅವನು ಏನೂ ಅಲ್ಲ ಅಂದ್ಬಿಟ್ರೆ, ನಾನು ಕೆಡವಿದ್ದು ಯಾರನ್ನ?"

ಹದಿನೈದು ವರ್ಷ ಈ ಮುದುಕನಿಗಾಗಿ ಕುದಿದದ್ದೆಲ್ಲ ದಂಡವೇ?

"ಯಜಮಾನ್ರೇ" ಎಂದು ಕಾರ್ಯದರ್ಶಿ ಮೂಲೆಯಿಂದ ಕೂಗಿದ. ಅವನ ಕಣ್ಣು ಮೂಟೆಯ ಕೈ ಮೇಲೆ ಬಿದ್ದಿತ್ತು. "ಒಂಚೂರು ಮುಷ್ಟಿ ಕಟ್ಟಿ ನೋಡೋಣ. ಅಬ್ಬಾ! ಬನ್ನಿ ಬನ್ನಿ, ಕಲಸಿದ್ದು ಗಟ್ಟಿಯಾಗ್ತಿದೆ." ಮಗಳ ಕಡೆ ತಿರುಗಿ ದನಿ ತಗ್ಗಿಸಿದ. "ಗಾಜಿನೊಳಗೆ ಇಟ್ಟ ಮೇಲೆ ಯಾರ ಕೈ ಅಂತ ಯಾರು ಕೇಳ್ತಾರೆ ಬಿಡಿ."

ಅವಳು ಅವನ ಮುಖಕ್ಕೆ ಉಗಿಯಲು ಬಾಯಿ ತೆರೆದಳು. ಮೂಟೆ ಅವಳನ್ನೇ ನೋಡುತ್ತಿದ್ದ, ಕಣ್ಣಲ್ಲೇ ಬೇಡುತ್ತಿದ್ದ. ಅವಳು ಉಗುಳು ನುಂಗಿಕೊಂಡಳು.

"ಯಾವ ಕೈ?" ಮೂಟೆ ಅಂಗಿಯ ತೋಳು ಮಡಿಸುತ್ತ ಕೇಳಿದ.

"ಬಲಗೈ."

"ಎಡಗೈ ಆಗಿದ್ರೆ ಚೆನ್ನಾಗಿರ್ತಿತ್ತು."

"ಅಯ್ಯೋ, ಅವರ ಬಲಗೈ ಏಟು ಲೋಕಪ್ರಸಿದ್ಧ ಕಣ್ರೀ! ನಿಮಗೆ ಗೊತ್ತಿಲ್ಲ."

"ಹೌದಾ" ಎಂದು ಮೂಟೆ ಸ್ಟೂಲಿನ ಮೇಲೆ ಕೂತು ಮುಷ್ಟಿಯನ್ನು ಬಕೆಟ್ಟಿನೊಳಗೆ ಮಣಿಕಟ್ಟಿನವರೆಗೆ ಇಳಿಸಿದ.

ಹೊರಗಿನಿಂದ ಯಾರೋ "ಹೊತ್ತಾಯ್ತು, ಎತ್ತಿ" ಎಂದರು. ಫೋಟೋದವರು ಬಂದಿದ್ದಾರೆಂದು ತಿಳಿದದ್ದೇ ಕಾರ್ಯದರ್ಶಿ ಕೈ ಒರೆಸಿಕೊಂಡು ಹೆಗಲು ಕೊಡಲು ಎಲ್ಲರಿಗಿಂತ ಮುಂದೆ ನಿಂತ. "ಅಲ್ಲಾಡಬೇಡಿ ಯಜಮಾನ್ರೇ, ವಾಪಸ್ ಬಂದು ಒಡೆದು ಬಿಡಿಸ್ತೀವಿ."

"ಮಾಮ, ನೀವು ಬರಲ್ವಾ?" ಎಂದಳು ಮಗಳು.

"ಹೇಗೆ ಬರ್ಲಿ ತಾಯಿ? ಹಿಡ್ಕೊಂಡುಬಿಟ್ಟಿದೆ. ಬಿಸಿ ಬೇರೆ ಆಗ್ತಿದೆ."

ಆರು ಜನ ಅಪ್ಪನನ್ನು ಎತ್ತಿದರು. ಸ್ಟೂಲಿನ ಮುಂದೆ ಹಾಯುವಾಗ ಮೂಟೆ ಗೌರವದಿಂದ ಎದ್ದು ನಿಂತ. ಮುಷ್ಟಿಯ ಜೊತೆ ಬಕೆಟ್ಟೂ ನೆಲ ಬಿಟ್ಟು ಮೇಲೆದ್ದಿತು. ಹೆಣ ಬಾಗಿಲು ದಾಟುವವರೆಗೂ ಅವನು ಅದನ್ನು ಕೆಳಗಿಳಿಸಲಿಲ್ಲ.